ಸವಳು ನೆಲದಲ್ಲಿ ತೋಡಿದ ಗುಂಡಿ

ಗಲಗಲಿ
೧೨ ಡಿಸೆಂಬರ್ ೧೯೯೪

ಸಾವಳಗಿಯ ತವರುಮನೆಯಲ್ಲಿರುವ ಅಕ್ಕ ಯಲ್ಲಕ್ಕನಿಗೆ ನಿನ್ನ ತಂಗಿ ಸತ್ಯವ್ವನ ನಮಸ್ಕಾರಗಳು. ಕೂಸು ಮೊಲೆ ಹಿಡಿಯುತ್ತಿದೆಯೇ? ಬಾಣಂತಿಗೆ ಈ ಸುದ್ದಿ ಬೇಡ ಎಂದು ಅತ್ತೆ ಹೇಳಿದರು. ಆದರೆ ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ತಿಳಿಯಲಿ.

ಅಕ್ಕ, ನಿನ್ನ ಗಂಡ ನನ್ನ ಗಂಡನ ಕೈ ಕಡಿದರು. ನಾನು ನಿನ್ನ ಗಂಡನ ಕಾಲು ಮುರಿದೆ. ಇಬ್ಬರೂ ಬದುಕಿದ್ದಾರೆ.

ಊರಿಗೆ ಕುಡಿಯುವ ನೀರೆತ್ತಲು ಹೊಳೆದಂಡೆಯಲ್ಲಿ ಸೋಲಾರ್ ಹಲಗೆ ಕೂರಿಸುತ್ತಿದ್ದುದು, ನಮ್ಮವರು ಅಲ್ಲಿ ಕಾವಲಿಗೆ ಸೇರಿದ್ದು ನಿನಗೆ ಗೊತ್ತು. ಏನೂ ಬೆಳೆಯದ ಸವಳು ನೆಲವೆಂದು ಪಂಚಾಯಿತಿಯವರು ಅದನ್ನೇ ಕೊಟ್ಟಿದ್ದರು. ಮೇಲೆ ಉಪ್ಪು ಬೆಳ್ಳಗೆ ಒಣಗಿ ಗಟ್ಟಿಯಾಗಿ ಕಾಣುತ್ತದೆ. ಮೊಣಕಾಲುದ್ದ ಅಗೆದರೆ ಬರೀ ಕೆಸರು. ನಿಲ್ಲಿಸಿದ ಕಂಬಗಳೆಲ್ಲ ಗಾಜಿನ ಹಲಗೆಗಳ ಭಾರಕ್ಕೆ ವಾಲಿದವು. ಆಗ ಇಂಜಿನಿಯರರು ಆಳುದ್ದದ ಗುಂಡಿ ತೋಡಿ, ಕಲ್ಲು ಗರಸು ತುಂಬಿ, ಅದರ ಮೇಲೆ ಕಾಂಕ್ರೀಟ್ ಹಾಕಬೇಕೆಂದರು. ಗುಂಡಿ ತೋಡಿದ್ದಾಯಿತು. ಅವುಗಳ ಸುತ್ತ ಜಾಲಿಮುಳ್ಳಿನ ಬೇಲಿ ಹಾಕುವ ಕೆಲಸ ನಮ್ಮವರದು. ನಾಳೆ ಹಾಕಿದರಾಯಿತು ಎಂದು ಬಿಟ್ಟರು.

ಆ ನೆಲದ ಅಂಚಿನಲ್ಲೇ ಭಾವನ ಕುರಿ ಮೇಯುವುದು. ಹೋದ ಸೋಮವಾರ ನಾಯಿಗಳು ಬೆನ್ನಟ್ಟಿ, ಹಿಂಡು ಬೆದರಿ, ಒಂದರ ಮೇಲೊಂದು ಗುಂಡಿಗೆ ಬಿದ್ದವು. ಗಬ್ಬದ ಕುರಿಗಳು, ಅಕ್ಕ. ಭಾವ ಒಬ್ಬರೇ ಇಳಿದು ಕಿವಿ ಹಿಡಿದು ಎಳೆದರಂತೆ. ಎಳೆದಷ್ಟೂ ಒಳಗೆ ಹೋದವು.

ಮಧ್ಯಾಹ್ನ ನಾನು ಬುತ್ತಿ ಒಯ್ದಾಗ ಭಾವ ಮೈತುಂಬ ಕೆಸರು ಮೆತ್ತಿಕೊಂಡು ಕೊಡಲಿಯಿಂದ ಗಾಜುಗಳನ್ನು ಒಡೆಯುತ್ತಿದ್ದರು. ‘ಬ್ಯಾಡೋ ಅಣ್ಣಾ, ಊರ ಮಂದಿ ನೀರಿಂದೈತಿ ಅದು’ ಎಂದು ನಮ್ಮವರು ಅಡ್ಡ ಹೋದರು.

‘ಬೇಲಿ ಯಾಕ ಹಾಕಲಿಲ್ಲಲೇ?’ ಎಂದು ಭಾವ ಕೇಳಿದರು.

ನಮ್ಮವರು ಕೊಡಲಿ ಹಿಡಿಯಲು ಕೈ ಚಾಚಿದರು. ಕೊಡಲಿ ಇಳಿಯಿತು. ಬಲಗೈ ಮಣಿಕಟ್ಟಿನ ಹತ್ತಿರ ಬರೀ ಚರ್ಮದ ಮೇಲೆ ಜೋತಾಡಿತು. ಭಾವ ಮತ್ತೆ ಕೊಡಲಿ ಎತ್ತಿದಾಗ ನಾನು ಅಲ್ಲೇ ಬಿದ್ದಿದ್ದ ಹಾರೆಯಿಂದ ಅವರ ಮೊಣಕಾಲಿಗೆ ಹೊಡೆದೆ. ಬಿದ್ದ ಮೇಲೂ ಹೊಡೆದೆ. ಎಲುಬು ಮುರಿದ ಸದ್ದು ಕೇಳಿಯೂ ಹೊಡೆದೆ. ‘ಸಾಕ ಬಿಡಬೇ, ಅಂವ ನಮ್ಮಣ್ಣ’ ಎಂದು ನಮ್ಮವರು ಆ ರಕ್ತದಲ್ಲೇ ನನ್ನ ಮೇಲೆ ಒರಗಿದಾಗ ಹಾರೆ ಬಿಟ್ಟೆ.

ಇಬ್ಬರನ್ನೂ ಒಂದೇ ಟ್ರ್ಯಾಕ್ಟರಿನಲ್ಲಿ ಜಮಖಂಡಿ ದವಾಖಾನೆಗೆ ಒಯ್ದೆವು. ನಮ್ಮವರ ಕೈ ಉಳಿಯಲಿಲ್ಲ. ಭಾವ ಇನ್ನು ಕುರಿಗಳ ಹಿಂದೆ ಅಡ್ಡಾಡಲಾರರಂತೆ.

ನೀನು ಬಂದಾಗ ನನ್ನ ಮುಖ ನೋಡುತ್ತೀಯೋ ಇಲ್ಲವೋ. ಕೂಸನ್ನು ದೂರದಿಂದಲಾದರೂ ತೋರಿಸು.

ನಿನ್ನ ಬೆನ್ನಿಗೆ ಹುಟ್ಟಿದ
ಸತ್ಯವ್ವ

ತಾ.ಕ.: ಕಾಲು ಮುರಿದವರು ಯಾರೆಂದು ಪೊಲೀಸರು ಭಾವನನ್ನು ಕೇಳಿದರು. ‘ಗುಂಡ್ಯಾಗ ಬಿದ್ದೇನ್ರಿ’ ಎಂದರಂತೆ. ಅಷ್ಟರಲ್ಲಿ ನಾನು ಹೊರಗೆ, ಕೈ ಕಡಿದವರು ಭಾವನೇ ಎಂದು ಬರೆಸಿ ಸಹಿ ಮಾಡಿ ಆಗಿತ್ತು.