ಇಸ್ತ್ರಿಯವನ ಗೊಣಗಾಟ

ಅಕ್ಕಾ,

ನಾನು ಕ್ಷೇಮ. ಕೆಲಸ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಈಸ್ಟರ್ ಹಬ್ಬಕ್ಕೆ ಮುಂಚಿನ ಈ ತಪಸ್ಸು ಕಾಲ ಮುಗಿಯುವುದರೊಳಗೆ ದೇವರನ್ನು ಕೈಗೆ ಸಿಕ್ಕ ಸಣ್ಣಪುಟ್ಟದರಲ್ಲೇ ಹುಡುಕು ಎಂದು ನೀನು ಹೇಳಿ ಕಳಿಸಿದ್ದೆ. ಹುಡುಕಲು ಹೊರಟವನ ಕಣ್ಣಿಗೆ ಬಿದ್ದವನು ಇಲ್ಲಿಯ ಇಸ್ತ್ರಿಯವನು.

ಬಂದ ದಿನದಿಂದಲೂ ಆ ಆಸಾಮಿಯ ಮೇಲೆ ನನಗೆ ಗುಮಾನಿ. ಒಂದೊಂದು ಚಾದರ ಮಡಚುವಾಗಲೂ ಅದರ ಮೇಲೆ ಬಗ್ಗಿ ಏನೋ ಗೊಣಗುತ್ತಾನೆ. ನಾನು ತೊಳೆಯದೆ ಬಿಟ್ಟ ಕಲೆ ಎಣಿಸಿ ಮೇಲಿನವರಿಗೆ ಚಾಡಿ ಹೇಳಲಿಕ್ಕೇ ಇರಬೇಕು ಎಂದು, ಮೊನ್ನೆ ಯಂತ್ರ ನಿಂತಾಗ ಬಟ್ಟೆಯ ಗಂಟುಗಳ ಹಿಂದೆ ಅಡಗಿ ಕಿವಿಗೊಟ್ಟೆ.

"ಇದರ ಮೇಲೆ ಮಲಗೋರಿಗೆ ಚೆನ್ನಾಗಿ ನಿದ್ದೆ ಬರ್ಲಪ್ಪಾ," ಅನ್ನುತ್ತಿದ್ದ.

"ಯಾರಿಗೆ ಹೇಳ್ತಿದ್ದೀರಿ?" ಎಂದೆ.

"ಕೇಳಿಸ್ಕೊಳ್ಳೋನಿಗೆ. ನೀವೂ ಇದ್ದೀರಿ ಅಂತ ಗೊತ್ತಿರ್ಲಿಲ್ಲ."

ಇಷ್ಟೊಂದು ಒಳ್ಳೆಯವನು ಎಂದರೆ ಗುಮಾನಿ ಹೆಚ್ಚದೆ ಇರುತ್ತದೆಯೇ?

ನಿನ್ನೆ ನನಗೆ ಚಳಿಜ್ವರ. ಈಗ ಬಿಟ್ಟಿದೆ, ಅಮ್ಮನಿಗೆ ಹೇಳಬೇಡ. ಮಧ್ಯಾಹ್ನ ಅವನು ನನ್ನ ಕೋಣೆಗೆ ಬಂದು, ಹೊದ್ದಿದ್ದ ಕಂಬಳಿಯನ್ನೇ ಎತ್ತಿಕೊಂಡು ಹೋದ. ಇನ್ನು ಅದು ಸಿಕ್ಕಂತೆಯೇ ಎಂದುಕೊಂಡೆ. ತುಸು ಹೊತ್ತಿಗೆ ಇಸ್ತ್ರಿ ಮಾಡಿ ತಂದು ಕಾಲ ಬಳಿ ಇಟ್ಟು ಹೋದ. ಸುಟ್ಟಿದ್ದಾನೋ, ಬದಲಾಯಿಸಿದ್ದಾನೋ ಎಂದು ಬಿಡಿಸಿ ಮೂಲೆಮೂಲೆ ತಡಕಿದೆ. ಅದೇ ಕಂಬಳಿ, ನೀನು ಹಾಕಿದ ಅದೇ ತೇಪೆ. ಬಿಸಿ ಮಾತ್ರ ಹೊಸದು. ಆರುವ ಮೊದಲೇ ಹೊದ್ದುಕೊಂಡೆ, ಬಂದ ದಿನದಿಂದ ಬಾರದ ನಿದ್ದೆ ಬಂತು.

ಕಾರ್ಡಿನಲ್ಲಿ ಜಾಗ ಮುಗಿಯಿತು. ಇದು ಅವನೊಬ್ಬನದೇ ಕೈವಾಡವಲ್ಲ, ಅಕ್ಕಾ.

ನಿನ್ನ ತಮ್ಮ