ಗೋಡೆಯ ಮೇಲಿನ ಅಕ್ಕ

ಭಾನುವಾರ, ಮಾರ್ಚ್ ೯

ಅಕ್ಕಾ,

ಹೇಗಿದ್ದೀಯ? ನಿನ್ನ ಕಾಗದ ಬಂದು ಎರಡು ವಾರವಾಯಿತು. ಕೆಲಸ ಜಾಸ್ತಿ ಇತ್ತು, ಅದಕ್ಕೇ ತಡವಾಯಿತು ಎಂದು ಬರೆಯಬಹುದಿತ್ತು. ಅಂಥದ್ದೇನೂ ಇರಲಿಲ್ಲ. ನೀನು ಕೇಳಿದ ಒಂದು ಪ್ರಶ್ನೆಗೆ ಉತ್ತರ ಬರೆಯಲು ಕೈ ಬರಲಿಲ್ಲ, ಅಷ್ಟೆ. ಮೊದಲು ಬೇರೆ ಸುದ್ದಿ ಹೇಳುತ್ತೇನೆ.

ವಾರ್ಡಿನಲ್ಲಿ ಫೋನ್ ಕೊಡುವುದಿಲ್ಲವೆಂದು ಬೈದು ಬರೆದಿದ್ದೀಯ. ಶಾಲೆ ಬಿಟ್ಟ ಮೇಲೆ ನಾನು ಇಷ್ಟುದ್ದ ಬರೆಯುತ್ತಿರುವುದು ಅದರ ದೆಸೆಯಿಂದಲೇ. ತಪ್ಪಿದ್ದರೆ ತಿದ್ದಿಕೊಂಡು ಓದು.

ನನ್ನ ಜಿಮ್ ಕೆಲಸ ಹೋಯಿತು. ಕಾರಣ ನಿನ್ನ ಫೋಟೊ. ಕೌಂಟರಿನ ಹಿಂದಿನ ಗೋಡೆಗೆ ಹಾಕಿದ್ದರಲ್ಲ, ಎಡಗಡೆ ಜಿಮ್ ಸೇರಿದ ದಿನದ ನೀನು, ಬಲಗಡೆ ಸಣ್ಣಗಾದ ನೀನು, ಕೆಳಗೆ ‘ನಿಮಗೂ ಸಾಧ್ಯ’. ಎಡಗಡೆಯವಳು ಹಲ್ಲು ಬಿಟ್ಟು ನಗುತ್ತಾಳೆ, ಬಲಗಡೆಯವಳು ತುಟಿ ಬಿಗಿದುಕೊಂಡಿದ್ದಾಳೆ. ನೀನು ಆಸ್ಪತ್ರೆ ಸೇರಿದ ಮೇಲೂ ಅದು ಅಲ್ಲೇ ಇತ್ತು. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಮೊದಲು ನಿನ್ನನ್ನು ಒರೆಸುತ್ತಿದ್ದೆ, ಆಮೇಲೆ ಟ್ರೆಡ್‌ಮಿಲ್.

ನಿನ್ನ ಕಾಗದ ಬಂದ ಮರುದಿನವೇ ಕಾಲೇಜು ಹುಡುಗಿಯೊಬ್ಬಳು ಸೇರಲು ಬಂದಳು. ಬಲಗಡೆಗೆ ಬೆರಳು ತೋರಿಸಿ, "ನಂಗೆ ಇವ್ರ ಥರ ಆಗ್ಬೇಕು. ಇವ್ರು ಏನ್ ತಿಂತಿದ್ರು?" ಎಂದಳು.

"ಏನೂ ತಿಂತಿರ್ಲಿಲ್ಲ," ಎಂದೆ.

ಅವಳು ನಕ್ಕಳು.

"ತಮಾಷೆ ಅಲ್ಲ. ಅವ್ಳು ನಮ್ಮಕ್ಕ. ಊಟ ಆಯ್ತು ಅಂತ ಮನೇಲಿ ಸುಳ್ಳು, ಮನೆಗೆ ಹೊರಟೆ ಅಂತ ಇಲ್ಲಿ ಸುಳ್ಳು. ಕೊನೆಗೆ ಆ ಮೂಲೆ ಟ್ರೆಡ್‌ಮಿಲ್ ಮೇಲೇ ಬಿದ್ಲು. ಈಗ ನರ್ಸ್ ಎದುರಿಗೆ ಕೂತ್ರೇನೇ ಎರಡು ತುತ್ತು ಒಳಗೆ ಹೋಗೋದು."

ಹುಡುಗಿ ಪೆನ್ನು ಕೆಳಗಿಟ್ಟು ಹೋದಳು. ಓನರ್ ಕೋಣೆಯಿಂದ ಹೊರಗೆ ಬಂದರು. "ನಿನ್ ನಾಲಿಗೇಲಿ ಎಲುಬಿಲ್ಲ ಅಂತ ಗೊತ್ತಿತ್ತು. ಬಾಯಿಗೆ ಬೀಗಾನೂ ಇಲ್ವೇನಮ್ಮಾ?"

"ಫೋಟೊ ತೆಗೀರಿ ಸಾರ್."

"ಅವಳೇ ಖುಷಿಯಿಂದ ಕೊಟ್ಟಿದ್ದು ಅದು."

ಅದು ನಿಜ. ಆದರೂ ಸ್ಟೂಲ್ ಹತ್ತಿ ತೆಗೆದೆ. "ಅದರ ಜೊತೆ ನೀನೂ ನಡಿ," ಎಂದರು. ನಡೆದೆ. ಗೆದ್ದು ಬಂದೆ ಎಂದುಕೊಳ್ಳಬೇಡ. ಮೊಳೆ ಗೋಡೆಯಲ್ಲೇ ಇದೆ, ಅದಕ್ಕೆ ಇನ್ಯಾರನ್ನೋ ತೂಗುಹಾಕುತ್ತಾರೆ.

ಈಗ ಟೈಲರ್ ಆಂಟಿಯ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತೇನೆ. "ಕಾಲಿಗೆ ಚಕ್ರ ಕಟ್ಕೊಂಡೋಳು, ಇಲ್ಲಿ ಎಷ್ಟು ದಿನ ಇರ್ತೀಯೇ?" ಎಂದು ಕೇಳುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ಅಂಗಡಿಯ ಮೇಲಿನ ರೂಮಿನಲ್ಲೇ ಇದ್ದೇನೆ. ಒಂದು ಕಿಟಕಿ, ಒಂದು ಸ್ಟೌ, ಇಬ್ಬರು ಮಲಗುವಷ್ಟು ಜಾಗ. ಕನ್ನಡಿ ಇಲ್ಲ. ಮನೆ ಯಾಕೆ ಬಿಟ್ಟೆ ಎನ್ನುತ್ತೀಯ. ಹೇಳುತ್ತೇನೆ, ತಾಳು.

ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಹೊದಿಕೆ ಒಗೆದು ಮಡಿಸಿಟ್ಟಿದ್ದಾಳೆ. ಗೇಟು ಸದ್ದಾದರೆ ನೀನೇ ಬಂದೆಯೇನೋ ಎಂದು ಎದ್ದು ನೋಡುತ್ತಾಳೆ. ಅದರಲ್ಲಿ ಸುಳ್ಳಿಲ್ಲ.

ನಾನು ಚಿಕ್ಕವಳು, ಆಶೀರ್ವಾದ ಮಾಡುವ ಹಾಗಿಲ್ಲ. ಆದರೂ ಮಾಡುತ್ತೇನೆ: ನಿನಗೆ ಹಸಿವಾಗಲಿ.

ನಿನ್ನ ತಂಗಿ,
ಮೊಂಡಿ

ತಾ.ಕ.: ‘ಡಾಕ್ಟರು ಇನ್ನು ಮನೆಗೆ ಹೋಗಬಹುದು ಅಂತಾರೆ, ಬರಲಾ?’ ಎಂದು ನೀನು ಕೇಳಿದ್ದೆ. ಬರಬೇಡ. ಆ ಫೋಟೊ ಮನೆಗೆ ತಂದಿದ್ದೆ. ಮರುದಿನ ಅಮ್ಮ ಅದನ್ನು ಕತ್ತರಿಯಿಂದ ಎರಡು ಮಾಡಿ, ಬಲಗಡೆಯ ನಿನ್ನನ್ನು ಟೀವಿ ಪಕ್ಕ ಇಟ್ಟಳು. "ಎಷ್ಟು ಲಕ್ಷಣವಾಗಿದ್ಲು ನೋಡೇ. ಹುಷಾರಾಗಿ ಬರ್ಲಿ, ಮತ್ತೆ ಹೀಗೇ ಆಗ್ತಾಳೆ," ಎಂದಳು. ಹೇಳುವಾಗ ಅಳುತ್ತಿದ್ದಳು. ಎಡಗಡೆಯ ನೀನು ಕಸದ ಡಬ್ಬಿಯಲ್ಲಿದ್ದೆ. ಒರೆಸಿ ನನ್ನ ರೂಮಿಗೆ ತಂದಿದ್ದೇನೆ. ನೀನೂ ಇಲ್ಲಿಗೇ ಬಾ.