ಕಿಟಕಿಯಿಂದ ಕರೆದರೆ ಚಪ್ಪಾಳೆ ತಟ್ಟಬೇಡಿ

ನಗರದ ಪಾರಂಪರಿಕ ಪ್ರವಾಸ ಕಚೇರಿಯ ಮುಖ್ಯಾಧಿಕಾರಿಗಳಿಗೆ, ಊರಿನವರೆಲ್ಲ ಓದಲೆಂದು ಬರೆದ ಪತ್ರ

ಮಾನ್ಯರೇ,

ತಮ್ಮ ಕಚೇರಿ ನಡೆಸುವ ‘ಸಕುಟುಂಬ ದೆವ್ವದ ನಡಿಗೆ’ಯ ಮೂರನೇ ನಿಲುಗಡೆಯಲ್ಲಿ, ಮಹಡಿಯ ಕಿಟಕಿಯಲ್ಲಿ, ದೀಪದ ಹಿಂದೆ ಕಾಣಿಸುವ ಬಿಳಿ ಹೆಂಗಸು ಸತ್ತಿಲ್ಲ. ಅವಳು ನಾನು. ನಾನು ಸತ್ತಿದ್ದೇನೆಂದು ತಾವು ಟಿಕೆಟ್ಟು ಹರಿದು ಜನರಿಗೆ ಹೇಳಿಸುತ್ತಿದ್ದೀರಿ. ಅದರಿಂದ ನನ್ನ ಮನಸ್ಸಿಗೆ ನೋವಾಯಿತು ಎಂದು ದೂರುವುದಕ್ಕೆ ಈ ಪತ್ರವಲ್ಲ. ಆ ಮಾತನ್ನು ಜನ ನಂಬಿದ್ದರಿಂದ ನನ್ನ ಅತ್ತೆಯ ಮಾತು ಹೋಯಿತು. ಹೋದ ಮಾತು ಮರಳಿ ಬರುವುದಕ್ಕೂ ಈಗ ತಮ್ಮ ನಡಿಗೆಯೇ ಅಡ್ಡ ನಿಂತಿದೆ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ಸತ್ತವರ ಪರಿಚಯವನ್ನು ತಮ್ಮ ಗೈಡು ಸೊಗಸಾಗಿ ಮಾಡಿಕೊಡುತ್ತಾನೆ, ಬದುಕಿರುವವರು ಅವರವರೇ ಮಾಡಿಕೊಳ್ಳಬೇಕು. ನಾನು ಹಲ್ಲುಸೆಟ್ಟು ಕಟ್ಟುವವಳು. ದಂತವೈದ್ಯರು ಸಂಜೆ ಹೊತ್ತಿಗೆ ರೋಗಿಗಳ ಬಾಯಿಯ ಅಚ್ಚು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಹಲ್ಲು ಕೂರಿಸಿ, ಆಮೇಲೆ ಮೋಟಾರಿನಲ್ಲಿ ಉಜ್ಜಿ ನುಣುಪು ಮಾಡುವುದು ನನ್ನ ಹೊಟ್ಟೆಪಾಡು. ಕೋಟು ಬಿಳಿ, ಧೂಳು ಬಿಳಿ, ಕತ್ತಲಾಗುವ ಹೊತ್ತಿಗೆ ಹುಬ್ಬು ರೆಪ್ಪೆಯೆಲ್ಲ ಬಿಳಿ. ಔಷಧದ ಘಾಟಿಗೆ ಕಿಟಕಿ ತೆರೆದಿಡಲೇಬೇಕು, ಹಲ್ಲಿನ ಬಣ್ಣ ಹೊಂದಿಸಲು ದೀಪ ಹತ್ತಿರ ಇರಲೇಬೇಕು. ಇಷ್ಟರಿಂದಲೇ ತಾವು ಒಂದು ದೆವ್ವ ಮಾಡಿಕೊಂಡಿರಿ. ತಮ್ಮದೇ ಸರ್ಕಾರದ ಇನ್ನೊಂದು ಕೌಂಟರಿನಲ್ಲಿ ಇದೇ ಹೆಂಗಸಿನಿಂದ ವರ್ಷ ತಪ್ಪದೆ ವೃತ್ತಿ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ. ಎರಡು ಕಚೇರಿಯವರೂ ಕೂತು ಮಾತಾಡಿ, ನಾನು ಇದ್ದೇನೋ ಸತ್ತಿದ್ದೇನೋ ಒಂದು ತೀರ್ಮಾನಕ್ಕೆ ಬಂದರೆ ಉಪಕಾರವಾದೀತು.

ನಡಿಗೆ ಶುರುವಾದ ಹೊಸತರಲ್ಲಿ ನಾವೂ ಬಂದಿದ್ದೆವು. ನಾನು, ಎರಡನೇ ಕ್ಲಾಸಿನ ನನ್ನ ಮಗಳು ಮತ್ತು ಅತ್ತೆ. ಬರೋಣವೆಂದು ಹಟ ಹಿಡಿದವರೇ ಅತ್ತೆ. ಹೊರಡುವಾಗ ಕಿಟಕಿಯ ದೀಪವನ್ನು ಬೇಕೆಂದೇ ಹಚ್ಚಿಟ್ಟು, ನನ್ನ ಬಿಳಿ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ ಬಂದರು.

“ಯಾಕತ್ತೆ ಇದೆಲ್ಲಾ?” ಎಂದೆ.

“ದೆವ್ವ ನೋಡೋಕೆ ಬಂದೋರ‍್ನ ಬರಿಗೈಲಿ ಕಳಿಸಬಾರದು ಕಣೇ. ಪಾಪ, ಮಕ್ಕಳು ಮರಿ ಬಂದಿರ್ತಾವೆ.”

ಸುಳ್ಳೇಕೆ ಹೇಳಲಿ, ಅಂದು ನಮಗೆ ಖುಷಿಯಾಗಿತ್ತು. ತಮ್ಮ ದೆವ್ವಗಳೆಲ್ಲ ಸಭ್ಯ ದೆವ್ವಗಳು. ರಕ್ತ ಕಾರುವುದಿಲ್ಲ, ಯಾರ ಮೈಮೇಲೂ ಬರುವುದಿಲ್ಲ. ಹಳೆಯ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ತಲೆಯಿಲ್ಲದ ಅಂಚೆಯವ ಕೂಡ ಬರೀ ವಿಳಾಸ ಕೇಳುತ್ತಾನಂತೆ. ನಮ್ಮ ಕಿಟಕಿಯ ಕೆಳಗೆ ಬಂದಾಗ ಗೈಡು ಲಾಟೀನು ತಗ್ಗಿಸಿ, ಮಕ್ಕಳ ಎತ್ತರಕ್ಕೆ ಕುಕ್ಕರಿಸಿ ಕೂತ. “ಈ ಮನೇಲಿ ಒಬ್ಬ ಮದುಮಗಳು ಇದ್ಲು ಮಕ್ಕಳೇ. ದೂರ ಹೋದ ಗಂಡ ವಾಪಸ್ ಬರ್ಲೇ ಇಲ್ಲ. ಇವತ್ತಿಗೂ ದೀಪ ಇಟ್ಕೊಂಡು ಕಾಯ್ತಿದ್ದಾಳೆ. ಒಂದೊಂದ್ಸಲ ಹಲ್ಲು ಕಡಿಯೋ ಸದ್ದೂ ಕೇಳ್ಸತ್ತೆ. ಪಾಪದ ದೆವ್ವ, ಏನೂ ಮಾಡಲ್ಲ. ಆದ್ರೆ ಅವಳು ಕರೆದ್ರೆ ಮಾತ್ರ ಉತ್ತರ ಕೊಡಬಾರ‍್ದು. ಎಲ್ರೂ ಸೇರಿ ಜೋರಾಗಿ ಚಪ್ಪಾಳೆ ತಟ್ಟಿದ್ರೆ ಒಳಗೆ ಹೋಗ್ಬಿಡ್ತಾಳೆ.”

ಅತ್ತೆ ಸುಮ್ಮನಿರುವ ಜಾತಿಯಲ್ಲ. “ಗಂಡ ಬರ್ಲೇ ಇಲ್ಲ ಅಂದ್ರೆ ಏನಪ್ಪಾ ಅರ್ಥ? ನನ್ನ ಮಗ ರೈಲಿನಲ್ಲಿ ಗಾರ್ಡು, ಶುಕ್ರವಾರ ಬರ್ತಾನೆ. ಹಲ್ಲು ಕಡಿಯೋದು ಮಾತ್ರ ನಿಜ, ಅದು ನನ್ನ ಮೇಲೆ” ಎಂದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರೂ ಅತ್ತೆಯೇ. ಆ ಅಂಗೈಗಳ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಈ ಚಪ್ಪಾಳೆಯ ಉಪಾಯ ಗೈಡಿನದಲ್ಲ, ತಮ್ಮ ಕಚೇರಿಯದು. ಮಕ್ಕಳ ಮನಸ್ಸಿಗೆ ಘಾಸಿಯಾಗದಿರಲೆಂದು ತಜ್ಞರನ್ನು ಕೇಳಿ ಮಾಡಿದ್ದಂತೆ. ಒಳ್ಳೆಯದು. ಭಯಕ್ಕೊಂದು ಮದ್ದು ಬೇಕು, ಒಪ್ಪುತ್ತೇನೆ. ಆದರೆ ಒಂದು ಮನೆಯ ಕಿಟಕಿ ತೋರಿಸಿ, ಅಲ್ಲಿಂದ ಯಾರಾದರೂ ಕರೆದರೆ ಉತ್ತರ ಕೊಡಬೇಡಿ ಎಂದು ಊರಿನ ಮಕ್ಕಳಿಗೆ ಕಲಿಸುವ ಮುಂಚೆ, ಆ ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಬಾಗಿಲು ತಟ್ಟಿ ಕೇಳಲು ತಮ್ಮ ತಜ್ಞರಿಗೆ ಕೈ ಇರಲಿಲ್ಲವೇ? ತಮ್ಮ ಕಚೇರಿಯವರು ಬಂದರು, ಆದರೆ ಬೇರೆ ಕೆಲಸಕ್ಕೆ. ಹಳೆಯ ಕಾಲದ ಸೊಬಗಿಗೆ ಧಕ್ಕೆ ಎಂದು ನನ್ನ ಹಲ್ಲಿನ ಬೋರ್ಡು ಕಿತ್ತರು. ಬೀದಿಯ ಅಷ್ಟೂ ಮನೆಗಳ ನಂಬರಿನ ತಗಡು ತೆಗೆದರು. ನಮ್ಮ ಬಾಗಿಲಿರುವ ಪಕ್ಕದ ಓಣಿಯ ದೀಪ ಆರಿಸಿದರು. ನಡಿಗೆಯ ಹೊತ್ತಿನಲ್ಲಿ ಬೀದಿಗೆ ವಾಹನ ಬಾರದಂತೆ ಎರಡೂ ಕಡೆ ಹಗ್ಗ ಕಟ್ಟಿಸಿದರು.

ಇನ್ನು ಆ ಸಂಜೆಯ ಮಾತು. ಗಂಡ ಡ್ಯೂಟಿಯಲ್ಲಿದ್ದರು, ಮಗಳು ತನ್ನ ಸೋದರತ್ತೆಯ ಮನೆಗೆ ಹೋಗಿದ್ದಳು. ಅತ್ತೆ ಕಿಟಕಿಯ ಪಕ್ಕ ಕೂತು, ನನಗಾಗಿ ಹಲ್ಲುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದರು. ಡಬ್ಬಿ ಕೈಜಾರಿ ಹಲ್ಲುಗಳೆಲ್ಲ ನೆಲಕ್ಕೆ ಚೆಲ್ಲಿದವು. “ಏನತ್ತೆ, ತೂಕಡಿಕೆನಾ?” ಎಂದು ತಿರುಗಿದೆ. ಅವರ ಬಾಯಿಯ ಒಂದು ಬದಿ ಕೆಳಗಿಳಿದಿತ್ತು. ಏನೋ ಹೇಳಿದರು, ಅದರಲ್ಲಿ ಒಂದು ಪದವೂ ಇರಲಿಲ್ಲ. ನಾನು ಹೋಗಿ ಹಿಡಿಯುವಷ್ಟರಲ್ಲಿ ಕುರ್ಚಿಯಿಂದ ಜಾರಿದರು.

ಆಂಬುಲೆನ್ಸಿಗೆ ಫೋನು ಮಾಡಿದೆ. “ಒಂದು ಮಗ್ಗುಲಿಗೆ ಮಲಗಿಸಿ ಹಿಡ್ಕೊಂಡಿರಿ, ವಾಂತಿ ಆದ್ರೆ ಉಸಿರಿಗೆ ಸಿಕ್ಕಿಕೊಳ್ಳತ್ತೆ, ಬಿಟ್ಟು ಎಲ್ಲಿಗೂ ಹೋಗ್ಬೇಡಿ” ಎಂದರು. ಗಾಡಿ ಬೇಗ ಬಂತು, ಅವರ ಮೇಲೆ ನನ್ನ ದೂರಿಲ್ಲ. ಬಂದು ತಮ್ಮ ಹಗ್ಗದ ಹತ್ತಿರ ನಿಂತಿತು. ಡ್ರೈವರು ಫೋನು ಮಾಡಿದ. “ಮೇಡಂ, ಶೋ ಮುಗಿಯೋವರೆಗೂ ಗಾಡಿ ಬಿಡಲ್ಲ ಅಂತಾರೆ. ಸ್ಟ್ರೆಚರ್ ಹಿಡ್ಕೊಂಡು ನಡ್ಕೊಂಡೇ ಬರ್ತೀವಿ. ಯಾವ ಮನೆ? ಒಂದಕ್ಕೂ ನಂಬರಿಲ್ವಲ್ಲ.” ಹಲ್ಲಿನ ಬೋರ್ಡಿರೋ ಮನೆ ಎಂದುಬಿಟ್ಟೆ. ಬೋರ್ಡು ಇಲ್ಲ ಎನ್ನುವುದು ಹೇಳಿದ ಮೇಲೆ ನೆನಪಾಯಿತು. ಆ ಕತ್ತಲೆಯ ಓಣಿಯ ಬಾಯಲ್ಲಿ ಯಾರಾದರೊಬ್ಬರು ನಿಂತು ಕೈಬೀಸಿದ್ದರೆ ಸಾಕಿತ್ತು.

ಜನಕ್ಕೇನು ಬರವೇ? ಕಿಟಕಿಯ ಕೆಳಗೆ ಬೀದಿ ತುಂಬ ಇದ್ದರು. ಒಂದು ಕೈಯಲ್ಲಿ ಅತ್ತೆಯ ಹೆಗಲು ಹಿಡಿದು, ಮಂಡಿಯೂರಿ, ಕಿಟಕಿಯಿಂದ ತಲೆ ಹೊರಗೆ ಹಾಕಿದೆ. “ಯಾರಾದ್ರೂ ಬನ್ನಿ, ದಯವಿಟ್ಟು ಬನ್ನಿ” ಎಂದು ಕೂಗಿದೆ. ಮುಂದಿನ ಮಾತೆಲ್ಲ ಚಪ್ಪಾಳೆಯಲ್ಲಿ ಮುಳುಗಿಹೋಯಿತು. ಮತ್ತೆ ಕೂಗಿದೆ, ಇನ್ನೂ ಜೋರಾಗಿ ತಟ್ಟಿದರು. ನಾನು ಅಳತೊಡಗಿದೆ. “ಎಷ್ಟು ಚೆನ್ನಾಗಿ ಮಾಡ್ತಾಳೆ ನೋಡು” ಎಂದು ಯಾರೋ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದರು. ಗೈಡಿಗೂ ನಾನು ಯಾಕೆ ಕೂಗುತ್ತಿದ್ದೇನೆಂದು ಅರ್ಥವಾಗಲಿಲ್ಲವಂತೆ. ಕಚೇರಿಯವರು ಹೊಸದಾಗಿ ಏರ್ಪಾಡು ಮಾಡಿರಬೇಕು ಅಂದುಕೊಂಡನಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಇಲಿ ಯಾವ ಕಡೆಯಿಂದ ನೋಡುತ್ತದೆ ಎಂಬುದು ನನಗೆ ಅಂದು ತಿಳಿಯಿತು.

ಮಾತು ನಾಟದಿದ್ದ ಮೇಲೆ ಕೈಗೆ ಸಿಕ್ಕಿದ್ದನ್ನು ಎಸೆದೆ. ಕಿಟಕಿಯ ಕಟ್ಟೆಯ ಮೇಲೆ ಮರುದಿನ ಕೊಡಬೇಕಾಗಿದ್ದ ಹಲ್ಲುಸೆಟ್ಟುಗಳ ತಟ್ಟೆಯಿತ್ತು. ತಟ್ಟೆ ಸಮೇತ ಬೀದಿಗೆ ಬೀಸಿದೆ. ಆಗ ಚಪ್ಪಾಳೆ ನಿಂತಿತು. ಕಿರುಚಿಕೊಂಡು ಕೆಲವರು ಓಡಿದರು, ಕೆಲವರು ಫೋಟೋ ತೆಗೆದರು. ಮೊಮ್ಮಕ್ಕಳ ಜೊತೆ ಬಂದಿದ್ದ ಒಬ್ಬ ಅಜ್ಜಿ ಮಾತ್ರ ಬಗ್ಗಿ ಒಂದು ಸೆಟ್ಟನ್ನು ಎತ್ತಿಕೊಂಡು ಲಾಟೀನಿನ ಬೆಳಕಿಗೆ ಹಿಡಿದರು. ಅವರ ಬಾಯಲ್ಲಿದ್ದುದೂ ಸೆಟ್ಟೇ.

“ಇದು ಹೊಸದು ಕಣಪ್ಪಾ, ಇನ್ನೂ ಯಾರ ಬಾಯಿಗೂ ಹೋಗಿಲ್ಲ” ಎಂದು ಗೈಡಿಗೆ ಹೇಳಿದರಂತೆ. “ದೆವ್ವಕ್ಕೆ ಹಲ್ಲುಸೆಟ್ಟು ಯಾಕೆ? ಮೇಲೆ ಯಾರಿಗೋ ಏನೋ ಆಗಿದೆ.” ಆಮೇಲೆ ತಲೆಯೆತ್ತಿ ನನ್ನನ್ನೇ ಕೇಳಿದರು: “ಏನಮ್ಮಾ, ಏನಾಯ್ತು?”

ಮಾನ್ಯರೇ, ಆ ಸಂಜೆ ಕೆಳಗಿನಿಂದ ಬಂದ ಮೊದಲ ಮನುಷ್ಯರ ಮಾತು ಅದು. ಕೇಳಿದ ಮೇಲೆ ಎಲ್ಲವೂ ಸಲೀಸಾಯಿತು. ಗೈಡು ಓಣಿಗೆ ಓಡಿದ, ಸ್ಟ್ರೆಚರಿನವರು ಬಂದರು, ಅಜ್ಜಿ ಮೆಟ್ಟಿಲು ಹತ್ತಿ ಬಂದು ಅತ್ತೆಯ ಪಾದ ತಿಕ್ಕಿದರು. ಆಸ್ಪತ್ರೆಯಲ್ಲಿ ಡಾಕ್ಟರು ಜೀವಕ್ಕೆ ಭಯವಿಲ್ಲ ಎಂದರು. “ಸ್ವಲ್ಪ ಮುಂಚೆ ಬಂದಿದ್ರೆ ಚೆನ್ನಾಗಿತ್ತು” ಎಂದೂ ಸೇರಿಸಿದರು. ಅತ್ತೆಯ ಬಲಗೈ ಹೋಗಿದೆ. ಮಾತು ಹೋಗಿದೆ. ಬೀದಿಯಲ್ಲಿ ನಿಂತ ಗುಂಪನ್ನು ಒಂದು ಮಾತಿಗೆ ನಗಿಸುತ್ತಿದ್ದ ಹೆಂಗಸು ಈಗ ನೀರು ಬೇಕಾದರೆ ಲೋಟದ ಕಡೆ ನೋಡುತ್ತಾರೆ.

ತಮ್ಮ ಕಚೇರಿಗೆ ಬಂದೆ. ತಾವು ಸಿಗಲಿಲ್ಲ, ತಮ್ಮ ಸಹಾಯಕರು ಸಿಕ್ಕರು. ಎಲ್ಲ ಕೇಳಿ, “ಒಂದು ಕೈಯಲ್ಲಿ ಚಪ್ಪಾಳೆ ಆಗಲ್ಲ ಮೇಡಂ. ನೀವೂ ಸರಿಯಾಗಿ ಅದೇ ಹೊತ್ತಿಗೆ ಕಿಟಕೀಲಿ ನಿಂತ್ಕೋತೀರಿ” ಎಂದರು. ಆ ಗಾದೆಯನ್ನು ಅವರು ನಮ್ಮ ಮನೆಗೆ ಬಂದು ಅತ್ತೆಯ ಮುಂದೆ ಒಮ್ಮೆ ಹೇಳಲಿ ಎಂದು ನನ್ನ ಆಸೆ. ಕೆಲವು ದಿನದ ಮೇಲೆ ಕಚೇರಿಯ ಉತ್ತರ ಬಂತು. ನಡೆದದ್ದಕ್ಕೆ ವಿಷಾದ, ಮುಂದೆ ಹಗ್ಗದ ಬಳಿ ಎಚ್ಚರ ವಹಿಸಲಾಗುವುದು, ಮೂರನೇ ನಿಲುಗಡೆಯ ಜನಪ್ರಿಯತೆ ಹೆಚ್ಚಿರುವುದರಿಂದ ತಾವು ಶನಿವಾರಗಳಂದು ಬಿಳಿ ಕೋಟು ಧರಿಸಿ ಸಹಕರಿಸಬೇಕಾಗಿ ಕೋರಿಕೆ. ಎರಡು ಸಲ ಓದಿದೆ. ಗಾಯದ ಮೇಲೆ ಬರೆ ಎಳೆಯುವವರನ್ನು ನೋಡಿದ್ದೇನೆ, ಎಳೆದ ಮೇಲೆ ಸಹಕಾರ ಕೋರುವವರನ್ನು ಇದೇ ಮೊದಲು ನೋಡಿದ್ದು. ಈಗ ಗೈಡಿನ ಕಥೆಯಲ್ಲಿ, ಚಪ್ಪಾಳೆ ತಟ್ಟದಿದ್ದರೆ ಮದುಮಗಳು ಹಲ್ಲು ಕಿತ್ತು ಎಸೆಯುತ್ತಾಳೆ ಎಂಬ ಮಾತೂ ಸೇರಿದೆ. ಅವನನ್ನು ಬೈಯಲಾರೆ. “ಅಕ್ಕಾ, ಬರೆದುಕೊಟ್ಟಿದ್ದನ್ನ ಹೇಳದಿದ್ರೆ ಕೆಲಸ ಹೋಗತ್ತೆ” ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದಾನೆ.

ಇಷ್ಟೇ ಆಗಿದ್ದರೆ ಬಹುಶಃ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ, ಅದು ನನ್ನ ಕಸುಬೇ. ಆದರೆ ಕೇಳಿ. ಅತ್ತೆಗೆ ಮಾತು ಕಲಿಸಲು ಬರುವ ಟೀಚರು ಒಂದು ಅಭ್ಯಾಸ ಹೇಳಿಕೊಟ್ಟಿದ್ದಾರೆ. ಸಂಜೆ ಮಲಗೆದ್ದು ಹಗುರಾಗಿರುವಾಗ ಅವರು ಯಾರನ್ನಾದರೂ ಕರೆಯಬೇಕು. ಬಂದಷ್ಟೇ ಬರಲಿ, ಬರೀ ಸದ್ದಾದರೂ ಸರಿ, ಕರೆಯಬೇಕು. ಕರೆದ ಕೂಡಲೇ ಯಾರಾದರೂ ಓಗೊಡಬೇಕು. “ಕರೆದ್ರೆ ಯಾರೋ ಬರ್ತಾರೆ ಅನ್ನೋ ನಂಬಿಕೆ ಬಂದ್ರೇನೇ ಮಾತು ಬರೋದು” ಎಂದರು. ನನ್ನ ಮಗಳು ಪಕ್ಕದ ಕೋಣೆಯಲ್ಲಿ ಕಾದು ನಿಲ್ಲುತ್ತಾಳೆ. ಅತ್ತೆ ಬಹಳ ಹೊತ್ತು ಬಾಯಿ ಸರಿಮಾಡಿಕೊಂಡು, ಕತ್ತಿನ ನರ ಉಬ್ಬಿಸಿ, “ಆ…” ಎನ್ನುತ್ತಾರೆ. “ಬಂದೆ ಅಜ್ಜೀ” ಎಂದು ಇವಳು ಓಡುತ್ತಾಳೆ. ಮೊದಲ ವಾರ ಬರೀ “ಆ” ಇತ್ತು. ಆಮೇಲೆ ಅದರ ಕೊನೆಗೆ ಮಗಳ ಹೆಸರಿನ ಒಂದು ಅಕ್ಷರ ಬಂತು. ಅಂದು ನಾನು ಮೋಟಾರು ನಿಲ್ಲಿಸಿ ಅತ್ತುಬಿಟ್ಟೆ.

ಹೋದ ಶನಿವಾರ ಕಿಟಕಿ ತೆರೆದಿತ್ತು. ಅತ್ತೆ ಎಂದಿಗಿಂತ ಗಟ್ಟಿಯಾಗಿ ಕರೆದರು. ಮಗಳು ಓಗೊಡುವ ಮುಂಚೆಯೇ ಬೀದಿಯಿಂದ ಉತ್ತರ ಬಂತು, ಚಪ್ಪಾಳೆ. ಅತ್ತೆಯ ಬಾಯಿ ಮುಚ್ಚಿಹೋಯಿತು. ಮಗಳು ಬುದ್ಧಿವಂತೆ, ಅಜ್ಜಿಯ ಎಡಗೈ ಹಿಡಿದುಕೊಂಡು, “ಅಜ್ಜೀ, ಅವ್ರು ನಿನಗೆ ಶಹಬ್ಬಾಸ್ ಹೇಳ್ತಿದ್ದಾರೆ” ಎಂದಳು. ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಆ ಚಪ್ಪಾಳೆಯ ಅರ್ಥವೇನೆಂದು ಅವರಿಗೆ ಗೊತ್ತು. ಅದೇ ಬೀದಿಯಲ್ಲಿ ನಿಂತು ತಟ್ಟಿದವರಲ್ಲವೇ. ಒಳಗೆ ಹೋಗು ಎಂದು ಅದರ ಅರ್ಥ. ಅಂದಿನಿಂದ ಅವರು ಕರೆದಿಲ್ಲ. ಕಿಟಕಿ ಮುಚ್ಚಿ ನೋಡಿದೆ, ಕೆಲಸ ಬಿಟ್ಟು ಪಕ್ಕದಲ್ಲಿ ಕೂತು ನೋಡಿದೆ, ಬೇಡಿಕೊಂಡು ನೋಡಿದೆ. ತುಟಿ ಬಿಗಿದುಕೊಂಡು ಗೋಡೆ ನೋಡುತ್ತಾರೆ. ತಡಮಾಡಿದಷ್ಟೂ ಮಾತು ದೂರವಾಗುತ್ತದೆ ಎಂದು ಟೀಚರು ಎಚ್ಚರಿಸಿದ್ದಾರೆ.

ನಡಿಗೆ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ನನ್ನನ್ನು ಸಾಯಿಸಿಕೊಂಡೇ ಇರಿ, ಅಭ್ಯಂತರವಿಲ್ಲ. ಬೋರ್ಡು ಮತ್ತು ನಂಬರು ವಾಪಸ್ ಹಾಕಿಸಿ, ಓಣಿಯ ದೀಪ ಹಚ್ಚಿಸಿ, ಹಗ್ಗ ಬಿಚ್ಚಿಸಿ. ಇವು ತಾವು ಹೇಗೂ ಮಾಡಲೇಬೇಕಾದವು. ನನ್ನ ಬೇಡಿಕೆ ಬೇರೆಯದು. ಚಪ್ಪಾಳೆಯ ಪಾಠವನ್ನು ಅಳಿಸಿ, ಅಂದು ಬೀದಿಯಲ್ಲಿ ಹಲ್ಲುಸೆಟ್ಟು ಎತ್ತಿಕೊಂಡ ಅಜ್ಜಿ ಕೇಳಿದ ಮಾತನ್ನು ಮಕ್ಕಳಿಗೆ ಕಲಿಸಿ. ಎಲ್ಲಿಂದ ಯಾರು ಕರೆದರೂ, ಏನಾಯ್ತು ಎಂದು ಕೇಳಬೇಕು. ದೆವ್ವವಾಗಿದ್ದರೆ ಸುಮ್ಮನಾಗುತ್ತದೆ, ಮನುಷ್ಯರಾಗಿದ್ದರೆ ಹೇಳುತ್ತಾರೆ. ಇದಕ್ಕೆ ತಜ್ಞರ ಸಮಿತಿ ಬೇಕಾಗಿಲ್ಲ.

ಬರುವ ಶನಿವಾರ ಗೈಡಿನ ಜೊತೆ ತಾವೇ ಬನ್ನಿ. ಅತ್ತೆಯನ್ನು ಕಿಟಕಿಯ ಹತ್ತಿರ ಕೂರಿಸಿರುತ್ತೇನೆ. ಅವರು ಕರೆಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ವೇಳೆ ಸಣ್ಣದೊಂದು ಸದ್ದು ಬಂದರೆ, ತಲೆಯೆತ್ತಿ “ಏನಮ್ಮಾ?” ಎನ್ನಿ. ಉತ್ತರ ಬರಲು ಬಹಳ ಹೊತ್ತಾಗುತ್ತದೆ. ದಯವಿಟ್ಟು ಅಲ್ಲಿಯವರೆಗೆ ಯಾರನ್ನೂ ಮುಂದಿನ ನಿಲುಗಡೆಗೆ ಕರೆದೊಯ್ಯಬೇಡಿ.

ಇಂತಿ,
ತಮ್ಮ ದಾಖಲೆಯಲ್ಲಿ ಸತ್ತಿರುವ,
ಅತ್ತೆ ಕರೆಯಲೆಂದು ಕಾಯುತ್ತಿರುವ,
ಮೂರನೇ ನಿಲುಗಡೆಯ ಸೊಸೆ